ಹಬ್ಬದ ಬಿಯರ್‌ಗಳ ರುಚಿ ನೋಡುವ ಕೂಟ: ಅಮೆರಿಕದ ಹೋಂಬ್ರೂ ಕ್ಲಬ್‌ಗೆ ಹೊಸದಾಗಿ ಹೊರಟ ಕನ್ನಡಿಗರಿಗೆ

ಡಿಸೆಂಬರ್ ಬಂತೆಂದರೆ ಇಲ್ಲಿನ ಹೋಂಬ್ರೂ ಕ್ಲಬ್‌ಗಳಲ್ಲಿ, ಅಂದರೆ ಮನೆಯಲ್ಲೇ ಬಿಯರ್ ಮಾಡುವವರ ಕೂಟಗಳಲ್ಲಿ, ಹಬ್ಬದ ಬಿಯರ್‌ಗಳ ಸರದಿ. ಚಕ್ಕೆ, ಲವಂಗ, ಜಾಯಿಕಾಯಿ, ಶುಂಠಿ ಬಿದ್ದ ಬಿಯರ್‌ಗಳು ಮೇಜಿನ ತುಂಬ ಇರುತ್ತವೆ. ಬಿಯರ್ ಬಗ್ಗೆ ಏನೂ ತಿಳಿಯದು ಎಂದು ಹಿಂಜರಿಯಬೇಡಿ. ಮಸಾಲೆ ಡಬ್ಬಿಯ ಮುಂದೆ ಬೆಳೆದ ಮೂಗಿಗೆ ಲವಂಗ ಯಾವುದು, ಜಾಯಿಕಾಯಿ ಯಾವುದು ಎಂದು ಬಿಡಿಸಿ ಹೇಳುವುದು ಕಷ್ಟವಲ್ಲ. ಈ ಕೂಟದಲ್ಲಿ ಬೇಕಾದದ್ದೂ ಅದೇ.

ಕಾನೂನಿನ ಮಾತು ಮೊದಲು ಮುಗಿಸೋಣ. 21 ವರ್ಷ ತುಂಬಿರಬೇಕು. ಪಾಸ್‌ಪೋರ್ಟ್ ಅಥವಾ ಲೈಸೆನ್ಸ್ ಜೊತೆಗಿರಲಿ. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯ ಪ್ರಕಾರ, ಒಬ್ಬ ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಜನರಿದ್ದರೆ 200 ಗ್ಯಾಲನ್ ಬಿಯರ್ ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೆ ದಂಡ ಕಟ್ಟಿ ಮುಗಿಯುವುದಿಲ್ಲ, ವೀಸಾ ರದ್ದಾಗುವ ಸಾಧ್ಯತೆಯೂ ಇದೆ. ಒಂದು ಲೆಕ್ಕ ನೋಡಿ: 9% ಮದ್ಯಾಂಶದ ಹತ್ತು ಬಿಯರ್‌ಗಳನ್ನು ತಲಾ 60 ಮಿ.ಲೀ. ಕುಡಿದರೂ ಇಲ್ಲಿನ ಅಳತೆಯಲ್ಲಿ (ಒಂದು ಡ್ರಿಂಕ್ ಎಂದರೆ ಸುಮಾರು 14 ಗ್ರಾಂ ಶುದ್ಧ ಮದ್ಯ) ಮೂರು ಡ್ರಿಂಕ್ ಆಗುತ್ತದೆ. ಉಗುಳಲು, ಚೆಲ್ಲಲು ಮೇಜಿನ ಮೇಲೆ ಪಾತ್ರೆ ಇಟ್ಟಿರುತ್ತಾರೆ. ಬಳಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಹಾಗಿದ್ದರೂ ಹೋಗಿಬರಲು ಬೇರೆಯವರ ಗಾಡಿ ಗೊತ್ತುಮಾಡಿಕೊಳ್ಳಿ.

ಸಸ್ಯಾಹಾರಿಗಳು ಸುರಿಸಿಕೊಳ್ಳುವ ಮೊದಲೇ ಕೇಳಬೇಕಾದ ಪ್ರಶ್ನೆ: ‘ಜೆಲಟಿನ್ ಹಾಕಿದ್ದೀರಾ?’ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯುವ ಅದನ್ನು ಬಿಯರ್ ತಿಳಿಯಾಗಲೆಂದು ಮನೆಯಲ್ಲಿ ಮಾಡುವವರು ಹಾಕುವುದುಂಟು. ಇಂಗ್ಲಿಷ್ ಶೈಲಿಯ ಕೆಲವು ಬಿಯರ್‌ಗಳಿಗೆ ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಬೀಳುತ್ತದೆ. ಹಾಲು ಒಗ್ಗದವರು ಮಿಲ್ಕ್ ಸ್ಟೌಟ್ ಎಂಬ ಕಪ್ಪು ಬಿಯರ್ ಬಿಡಲಿ, ಅದರಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಇರುತ್ತದೆ.

ಸ್ವಂತ ಬಿಯರ್ ಇಲ್ಲದಿದ್ದರೆ ಅಂಗಡಿಯ ಬಾಟಲಿ ಒಯ್ಯಬಹುದು. 750 ಮಿ.ಲೀ. ಬಾಟಲಿಯೊಂದು ಹನ್ನೆರಡು ಜನರಿಗೆ ಸಾಕು. ಸಿಯೆರಾ ನೆವಾಡಾ ಕಂಪನಿಯ ‘ಸೆಲೆಬ್ರೇಷನ್’ ಬಿಯರ್ ಸುಲಭವಾಗಿ ಸಿಗುತ್ತದೆ. ಲೇಬಲ್‌ನಲ್ಲಿ ಹಿಮ ಕಂಡು ಮಸಾಲೆ ಬಿಯರ್ ಎಂದುಕೊಳ್ಳುವವರು ಬಹಳ, ಆದರೆ ಅದು 1981ರಿಂದ ಬರುತ್ತಿರುವ, ಆಯಾ ವರ್ಷದ ಹೊಸ ಹಾಪ್ಸ್ (ಬಿಯರ್‌ಗೆ ಕಹಿ, ಪರಿಮಳ ಕೊಡುವ ಹೂ) ಹಾಕಿದ ಐಪಿಎ, ಅಂದರೆ ಹಾಪ್ಸ್ ಹೆಚ್ಚಿರುವ ಕಹಿ ಬಿಯರ್. ಇಟ್ಟಷ್ಟೂ ಪರಿಮಳ ಹೋಗುತ್ತದೆ, ಹೊಸದನ್ನೇ ಒಯ್ಯಿರಿ. ಸಮಿಕ್ಲಾಸ್ ಇದಕ್ಕೆ ತದ್ವಿರುದ್ಧ: ಆಸ್ಟ್ರಿಯಾದಲ್ಲಿ ಡಿಸೆಂಬರ್ 6ರಂದು ತಯಾರಿಗಿಟ್ಟು ತಿಂಗಳುಗಟ್ಟಲೆ ಮಾಗಿಸುವ 14% ಮದ್ಯಾಂಶದ ಲಾಗರ್ ಬಗೆಯ ಬಿಯರ್, ವರ್ಷಗಟ್ಟಲೆ ಇಡಬಹುದು.

ರುಚಿ ನೋಡುವಾಗ ಕ್ರಮ ಮುಖ್ಯ. ಹಗುರವಾದದ್ದು ಮೊದಲು, ಗಡುಸಾದದ್ದು (ಮದ್ಯಾಂಶ ಹೆಚ್ಚಿರುವುದು) ಆಮೇಲೆ, ಲವಂಗ ಹೆಚ್ಚಿರುವುದು ಎಲ್ಲಕ್ಕಿಂತ ಕೊನೆಗೆ. ಲವಂಗದ ಯೂಜಿನಾಲ್ ನಾಲಿಗೆಯನ್ನು ಮರಗಟ್ಟಿಸುತ್ತದೆ. ಅದಾದ ಮೇಲೆ ಬಂದ ಬಿಯರ್‌ಗೆ ನ್ಯಾಯ ಸಿಗುವುದಿಲ್ಲ. ಗಡುಸು ಬಿಯರ್‌ಗಳಿಗೆ 10ರಿಂದ 13 ಡಿಗ್ರಿ ಸೆಲ್ಸಿಯಸ್ ಸರಿ. ಫ್ರಿಜ್‌ನಿಂದ ಆಗಷ್ಟೇ ಬಂದದ್ದಾದರೆ ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗಾಗಿಸಿ. ಸುರಿದ ಕೂಡಲೇ ಮೂಸಿ, ಬಣ್ಣ ಆಮೇಲೆ ನೋಡಿದರಾಯಿತು. ಕೆಲವು ವಾಸನೆಗಳು ನಿಮಿಷದೊಳಗೆ ಹಾರಿಹೋಗುತ್ತವೆ. ಅಂದು ಸೆಂಟು ಬೇಡ, ಲಿಪ್ ಬಾಮ್ ಕೂಡ ಬೇಡ. ಅದರ ಜಿಡ್ಡಿಗೆ ನೊರೆ ಇಳಿದುಹೋಗುತ್ತದೆ.

ಇನ್ನು ಅಭಿಪ್ರಾಯ. ‘ಚೆನ್ನಾಗಿದೆ’ ಎಂದರೆ ಮಾಡಿದವರಿಗೆ ಏನೂ ಸಿಕ್ಕಂತಾಗುವುದಿಲ್ಲ. ಬೆಲ್ಲದ ಪಾಕ ಅನ್ನಿಸಿದರೆ ಹಾಗೆಯೇ ಹೇಳಿ, ಅರ್ಥ ಮಾಡಿಕೊಳ್ಳುತ್ತಾರೆ. ಬೆಣ್ಣೆಯ ವಾಸನೆ ಬಂದರೆ ಅದು ಡೈಅಸಿಟೈಲ್, ಹೆಚ್ಚಿನ ಸಲ ಬಿಯರ್ ಹುದುಗಿಸುವ ಯೀಸ್ಟ್ ಕೆಲಸ ಮುಗಿಸುವ ಮೊದಲೇ ಬಿಯರ್ ತಣ್ಣಗಾಗಿಸಿದ್ದರ ಫಲ. ಹಸಿರು ಸೇಬಿನಂತಿದ್ದರೆ ಇನ್ನೂ ಎಳೆಯದು. ನೆನೆದ ರಟ್ಟಿನಂತಿದ್ದರೆ ಗಾಳಿ ತಾಗಿದೆ. ಬ್ಯಾಂಡೇಜ್ ವಾಸನೆಗೆ ಸಾಮಾನ್ಯ ಕಾರಣ ನಲ್ಲಿ ನೀರಿನ ಕ್ಲೋರಿನ್. 19 ಲೀಟರ್ ನೀರಿಗೆ ಕ್ಯಾಂಪ್ಡೆನ್ ಎಂಬ ಸಲ್ಫೈಟ್ ಮಾತ್ರೆಯ ಕಾಲು ಭಾಗ ಹಾಕಿದರೆ ನೀಗುತ್ತದೆ.

ನಮ್ಮ ಮೂಗು ಮೋಸಹೋಗುವ ಜಾಗವೊಂದಿದೆ. ಲವಂಗದ ವಾಸನೆ ಬಂದ ಮಾತ್ರಕ್ಕೆ ಲವಂಗ ಹಾಕಿದ್ದಾರೆ ಎನ್ನಲಾಗದು. ಏಲ್ ಎಂಬ ಬಗೆಯ ಬೆಲ್ಜಿಯನ್ ಗಡುಸು ಬಿಯರ್‌ಗಳಲ್ಲಿ, ಜರ್ಮನ್ ಗೋಧಿ ಬಿಯರ್‌ಗಳಲ್ಲಿ ಯೀಸ್ಟೇ ಆ ಪರಿಮಳ ಹುಟ್ಟಿಸುತ್ತದೆ. ಮಸಾಲೆಯಿಲ್ಲದ ಇಂಗ್ಲಿಷ್ ಏಲ್‌ನಲ್ಲಿ ಬಂದರೆ ಮಾತ್ರ ಕಾಡು ಯೀಸ್ಟ್ ಸೇರಿರುವ ಅನುಮಾನ ಪಡಬೇಕು. ಹಾಗಾಗಿ ಮೊದಲು ಯಾವ ಯೀಸ್ಟ್ ಎಂದು ಕೇಳಿ.

ಮುಂದಿನ ವರ್ಷ ನಿಮ್ಮದೇ ಬಿಯರ್ ಒಯ್ಯುವ ಮನಸ್ಸಿದ್ದರೆ, 8%ಗಿಂತ ಗಡುಸಾದದ್ದನ್ನು ಆಗಸ್ಟ್ ಹೊತ್ತಿಗೆ ಹಾಕಿಡಿ, ಮಾಗಲು ತಿಂಗಳುಗಳೇ ಬೇಕು. ಮಸಾಲೆ ಕುದಿಯುವಾಗಲೇ ಹಾಕಿದರೆ ಹೆಚ್ಚಾದದ್ದನ್ನು ಹಿಂತೆಗೆಯಲಾಗದು, ಹೆಚ್ಚಿನವರು ಎಡವುವುದು ಇಲ್ಲೇ. ಅದರ ಬದಲು ಎರಡು ಚಕ್ಕೆ ಕಡ್ಡಿ, ಎರಡೇ ಲವಂಗ, ಚಿಟಿಕೆ ಜಾಯಿಕಾಯಿಯನ್ನು 100 ಮಿ.ಲೀ. ವೋಡ್ಕಾದಲ್ಲಿ ಒಂದು ವಾರ ನೆನೆಸಿ ಸೋಸಿಕೊಳ್ಳಿ. ಪುಡಿ ಬೇಡ, ತಳ ಸೇರದೆ ತೇಲುತ್ತದೆ. ಅಂಗಡಿಯಲ್ಲಿ ಸಿನಮನ್ ಎಂದು ಸಿಗುವುದು ಬಹುತೇಕ ಕ್ಯಾಸಿಯಾ ಎಂಬ ಇನ್ನೊಂದು ಬಗೆಯ ಖಾರದ ಚಕ್ಕೆ ಎಂಬುದು ನೆನಪಿರಲಿ. ಹುದುಗುವಿಕೆ ಮುಗಿದ ಬಿಯರ್ 100 ಮಿ.ಲೀ. ತೆಗೆದುಕೊಂಡು ಸೋಸಿದ ಮಸಾಲೆ ವೋಡ್ಕಾವನ್ನು ಸಿರಿಂಜಿನಿಂದ 0.1 ಮಿ.ಲೀ. ಲೆಕ್ಕದಲ್ಲಿ ಸೇರಿಸುತ್ತಾ ರುಚಿ ನೋಡಿ. 0.2ಕ್ಕೆ ಹಿತವಾದರೆ 19 ಲೀಟರಿಗೆ 38 ಮಿ.ಲೀ. ಆಯಿತು, ಮೊದಲು 30 ಹಾಕಿ, ಕಲಕಿ, ಮತ್ತೆ ರುಚಿ ನೋಡಿ ಉಳಿದದ್ದನ್ನು ಸೇರಿಸಿ.