ಹತ್ತು ರೂಪಾಯಿ ಗುಡ್ಡೆ: ಲಾಕ್‌ಡೌನ್‌ನಲ್ಲಿ ನಾನು ಸೊಪ್ಪು ಮಾರಿದ್ದು

ಈಗ ಮೈಸೂರಿನ ಕೇಸರೆಯಲ್ಲಿ ನನ್ನದಲ್ಲದೆ ಇನ್ನೂ ಮೂರು ಗಾಡಿಗಳು ಗುಡ್ಡೆ ಲೆಕ್ಕದಲ್ಲಿ ಸೊಪ್ಪು ಮಾರುತ್ತವೆ. ಆ ಮೂವರೂ 2020ರ ಏಪ್ರಿಲ್‌ನಲ್ಲಿ ಬಂಡೀಪಾಳ್ಯದ ಎಪಿಎಂಸಿ ಸಗಟು ಮಾರ್ಕೆಟ್ ಹತ್ತಿರ ನನ್ನನ್ನು ನಿಲ್ಲಿಸಿ, ‘ಕೂಲಿ ಜನ ಇರೋ ಕಡೆ ಸೊಪ್ಪು ಓಡಲ್ಲ ಕಣಣ್ಣ, ಆಲೂಗೆಡ್ಡೆ ಈರುಳ್ಳಿ ಹಾಕ್ಕೊಂಡು ಹೋಗು’ ಅಂದವರು. ಓಡಿತು. ಹೇಗೆ ಓಡಿತು ಅಂತ ಬರೆಯುತ್ತಿದ್ದೇನೆ.

ಆಗ ನಮ್ಮ ಗಾಡಿಯವರೆಲ್ಲ ಚೀಲದ ವ್ಯಾಪಾರಕ್ಕೆ, ಅಂದರೆ ಚೀಲದಲ್ಲಿ ತರಕಾರಿ ತುಂಬಿ ಮನೆಗೆ ತಲುಪಿಸುವುದಕ್ಕೆ, ಇಳಿದಿದ್ದರು. ಕುವೆಂಪುನಗರ, ಗೋಕುಲಂನಂಥ ಉಳ್ಳವರ ಬಡಾವಣೆಗಳಿಂದ ವಾಟ್ಸಾಪ್‌ನಲ್ಲಿ ಆರ್ಡರ್ ಬರುತ್ತಿತ್ತು. ಚೀಲಕ್ಕೆ 250 ರೂಪಾಯಿ, ದುಡ್ಡು ಮೊದಲೇ ಫೋನಿನಲ್ಲಿ. ನಾನೂ ಮಾಡಿದೆ, ಒಳ್ಳೆ ಕಾಸು ಸಿಕ್ಕಿತು. ಒಂದು ದಿನ ವಾಪಸ್ ಬರುವಾಗ ಕೇಸರೆಯಲ್ಲಿ ಅಕ್ಕನ ಮನೆಗೆ ಹೋದೆ. ಮೂಲೆಯಲ್ಲಿ ರೇಷನ್ ಅಕ್ಕಿ ಇತ್ತು. ಕೇಂದ್ರದಿಂದಲೂ ತಲೆಗೆ 5 ಕೆ.ಜಿ. ಜಾಸ್ತಿ ಘೋಷಣೆ ಆಗಿತ್ತು. ಆದರೆ ಅನ್ನಕ್ಕೆ ಕಲಸಿಕೊಳ್ಳಲು ಹುಣಸೆ ನೀರು ಬಿಟ್ಟರೆ ಏನಿಲ್ಲ. ಮಕ್ಕಳು ಹತ್ತು ದಿನದಿಂದ ಸೊಪ್ಪು ಕಂಡಿಲ್ಲ. ಶಾಲೆ ಮುಚ್ಚಿ ಬಿಸಿಯೂಟ ನಿಂತಿತ್ತು. ಮಾರ್ಚ್‌ನಲ್ಲಿ ಕುಂಬಾರಕೊಪ್ಪಲಿನಲ್ಲಿ ಹಕ್ಕಿ ಜ್ವರ ಬಂದಮೇಲೆ ಮೊಟ್ಟೆಗೂ ಹೆದರುತ್ತಿದ್ದರು.

ಅದೇ ಹೊತ್ತಿಗೆ ಟಿ. ನರಸೀಪುರ ರಸ್ತೆಯಲ್ಲಿ ನನಗೆ ಗೊತ್ತಿದ್ದ ರೈತರೊಬ್ಬರು ಟೊಮೆಟೊ ಬಿಡಿಸದೆ ಹೊಲದಲ್ಲೇ ಉತ್ತುಬಿಟ್ಟರು. ತರಕಾರಿಗೆ ಬರ ಇರಲಿಲ್ಲ. ಕೂಲಿ ನಿಂತವರ ಕೈಯಲ್ಲಿ ಒಟ್ಟಿಗೆ 250 ರೂಪಾಯಿ ಇರುತ್ತಿರಲಿಲ್ಲ, ಅಷ್ಟೇ. ಬಿಡಿಯಾಗಿ ಕೊಳ್ಳೋಣ ಅಂದರೆ ಮಾರ್ಕೆಟ್ಟಿಗೆ ಹೋಗಲು ಬಸ್ಸಿಲ್ಲ.

ಹಾಗಾಗಿ ಗಾಡಿಯನ್ನು ಕೇಸರೆಗೇ ಒಯ್ದೆ. ಮೊದಲ ವಾರ ಕೆ.ಜಿ., ಕಟ್ಟಿನ ಲೆಕ್ಕದಲ್ಲಿ ಮಾರಲು ಹೋಗಿ ಸೋತೆ. 400 ಕಟ್ಟು ಸೊಪ್ಪು ಒಯ್ದರೆ ನೂರೂ ಹೋಗಲಿಲ್ಲ. ಉಳಿದದ್ದು ಬಿಸಿಲಿಗೆ ಬಾಡಿ ಹಸುವಿನ ಪಾಲಾಯಿತು. ಆಮೇಲೆ ದಾನ ಕೊಡುವ ಒಂದು ಗುಂಪಿನವರು 150 ಕಿಟ್ ಕೇಳಿದರು. ಕೊಟ್ಟೆ. ಫೋಟೊ ತೆಗೆಸಿಕೊಂಡರು, ದುಡ್ಡು ಅರ್ಧ ಕೊಟ್ಟರು. ಸುಮಾರು 9,000 ಹೋಯಿತು, ಇವತ್ತಿಗೂ ಬಂದಿಲ್ಲ. ಹೆಂಡತಿಯ ಓಲೆ ಅಡವಿಟ್ಟು ಮತ್ತೆ ಮಾಲು ಎತ್ತಿದೆ.

ಮೂರನೇ ಸಲ ಹತ್ತು ರೂಪಾಯಿ ಗುಡ್ಡೆ ಹಾಕಿದೆ. ಬದನೆ ಒಂದು ಗುಡ್ಡೆ, ಟೊಮೆಟೊ ಒಂದು ಗುಡ್ಡೆ. ಅದೂ ಅರ್ಧಂಬರ್ಧವೇ ಹೋಯಿತು. ಆಗ ಅಕ್ಕ ಬೈದಳು: ‘ಬರೀ ಬದನೆಕಾಯಲ್ಲಿ ಏನೋ ಸಾರು ಮಾಡೋದು? ಒಂದು ಹೊತ್ತಿನ ಸಾರಿಗೆ ಏನು ಬೇಕೋ ಅಷ್ಟನ್ನ ಒಂದೇ ಕಡೆ ಇಡು.’

ಅಲ್ಲಿಂದ ದಾರಿ ಸಿಕ್ಕಿತು. ಗುಡ್ಡೆಗೆ ತರಕಾರಿ ಹೆಸರು ಬಿಟ್ಟು ಸಾರಿನ ಹೆಸರಿಟ್ಟೆ. ಇವತ್ತು ಮಸ್ಸೊಪ್ಪು: ದಂಟು, ಸಬ್ಬಸಿಗೆ, ಪಾಲಕ್ ಬೆರೆಸಿ ಒಂದು ಹಿಡಿ, ಎರಡು ಟೊಮೆಟೊ, ನಾಲ್ಕು ಹಸಿಮೆಣಸಿನಕಾಯಿ. ನಾಳೆ ಬಸ್ಸಾರು: ಸೊಪ್ಪಿನ ಜೊತೆ ಒಂದು ಹಿಡಿ ಹುರುಳಿಕಾಳು. ನಾಡಿದ್ದು ಉಪ್ಸಾರು. ಮೈಕ್‌ನಲ್ಲಿ ‘ಮಸ್ಸೊಪ್ಪಿನ ಗುಡ್ಡೆ ಹತ್ತು ರೂಪಾಯಿ’ ಅಂತ ಕೂಗಿದ ಮೊದಲ ದಿನವೇ 90 ಗುಡ್ಡೆ ಹೋದವು. ತಿಂಗಳ ಕೊನೆಗೆ ದಿನಕ್ಕೆ 160, 170ರ ಹತ್ತಿರ.

ದುಡ್ಡಿನ ಲೆಕ್ಕ ಹೇಳುತ್ತೇನೆ. ಗುಡ್ಡೆಗೆ ನನಗೆ ಅಸಲೇ ಎಂಟೂವರೆ ಬೀಳುತ್ತಿತ್ತು, ಉಳಿಯುತ್ತಿದ್ದದ್ದು ಒಂದೂವರೆ. ಅದರಲ್ಲಿ ಡೀಸೆಲ್ ಕೂಡ ಸರಿಯಾಗಿ ಹುಟ್ಟಲ್ಲ. ಹಾಗಾಗಿ ಚೀಲದ ವ್ಯಾಪಾರ ಬಿಡಲಿಲ್ಲ. ದಿನಕ್ಕೆ ಇಪ್ಪತ್ತು ಚೀಲ, ಚೀಲಕ್ಕೆ 40ರಂತೆ 800. ಗಾಡಿ ಓಡಿದ್ದು ಅದರಲ್ಲೇ. ಆದರೆ ಬೆಳಿಗ್ಗೆ ಆರಕ್ಕೆ ಬೋಣಿ ಕೇಸರೆಯಲ್ಲಿ, ಚೀಲ ಆಮೇಲೆ. ಒಳ್ಳೆ ಸೊಪ್ಪೆಲ್ಲ ದೊಡ್ಡ ಮನೆಗಳಿಗೆ ಹೋಗಿ ಬಾಡಿದ್ದು ಈ ಕಡೆ ಬರುವುದು ನನಗೆ ಬೇಡವಾಗಿತ್ತು. ತಡವಾಯಿತು ಅಂತ ಚೀಲದ ಗಿರಾಕಿಗಳಲ್ಲಿ ಇಬ್ಬರು ಬಿಟ್ಟರು, ಅವರ ಜಾಗಕ್ಕೆ ಐವರು ಬಂದರು.

ಸಾಲವನ್ನೂ ಕೊಟ್ಟೆ. 140 ಮನೆಯ ಪುಸ್ತಕ, ಶನಿವಾರ ವಸೂಲಿ. ಎರಡು ವರ್ಷದಲ್ಲಿ ಮುಳುಗಿದ್ದು ಎರಡು ಸಾವಿರ ಚಿಲ್ಲರೆ. ಆ ಫೋಟೊದ ಗುಂಪಿನವರಿಂದ ಮುಳುಗಿದ್ದಕ್ಕೆ ಹೋಲಿಸಿ ನೋಡಿ. ಯಾರಿಗೆ ಎಷ್ಟು ಸಾಲ ಅಂತ ಹೇಗೆ ಗೊತ್ತುಮಾಡುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಸೊಪ್ಪು ಬಾಡದಿರಲಿ ಅಂತ ಮೇಲೆ ಒದ್ದೆ ಗೋಣಿ ಹಾಕುವುದು ವ್ಯಾಪಾರಿಗಳಿಗೆಲ್ಲ ಗೊತ್ತು. ಕೆಳಗೆ ನಾನು ಏನು ಹಾಸುತ್ತೇನೆ ಅನ್ನುವುದನ್ನೂ ಹೇಳಲ್ಲ.

ನಡುವೆ ಮೊಳಕೆ ಹುರುಳಿ ಮಾರಲು ನೋಡಿದೆ. ಏಪ್ರಿಲ್ ಸೆಕೆಗೆ ರಾತ್ರಿಗೇ ವಾಸನೆ ಬಂತು. ನಾಲ್ಕು ಕೆ.ಜಿ. ಚೆಲ್ಲಿದಮೇಲೆ ಒಣ ಕಾಳೇ ಕೊಟ್ಟೆ. ನುಗ್ಗೆ ಸೊಪ್ಪನ್ನು ಯಾರೂ ಕಾಸು ಕೊಟ್ಟು ಕೊಳ್ಳಲ್ಲ. ಅದನ್ನು ಕೊಸರು ಅಂತ ಹಾಕಿದೆ, ಹೆಂಗಸರು ಅದಕ್ಕಾಗಿಯೇ ನಿಲ್ಲತೊಡಗಿದರು. ಏಳು ಮನೆಗೆ ಅಕ್ಕಿ ಚೀಲದಲ್ಲಿ ಮಣ್ಣು ತುಂಬಿ ದಂಟಿನ ಬೀಜ ಹಾಕಿಕೊಟ್ಟೆ. ಎರಡರಲ್ಲಿ ಬಂತು. ಮಿಕ್ಕವರಿಗೆ ಕುಡಿಯುವ ನೀರಿಗೇ ಪರದಾಟ, ಚೀಲಕ್ಕೆ ಎಲ್ಲಿಂದ ಹಾಕುತ್ತಾರೆ?

2021ರ ಮೇನಲ್ಲಿ ಅಂಗಡಿಗೆ ಬೆಳಿಗ್ಗೆ ಆರರಿಂದ ಹತ್ತು ಅಂತ ಆಯಿತು. ಆಗ ಗುಡ್ಡೆ ಕೈಹಿಡಿಯಿತು. ತೂಗುವ ಕೆಲಸ ಇಲ್ಲ, ಚಿಲ್ಲರೆ ಹುಡುಕುವ ಕೆಲಸ ಇಲ್ಲ. ಹತ್ತು ಹೊಡೆಯುವಷ್ಟರಲ್ಲಿ 220 ಗುಡ್ಡೆ ಖಾಲಿ ಮಾಡಿದ ದಿನ ಉಂಟು. ಆ ತಿಂಗಳಲ್ಲೇ ಓಲೆ ಬಿಡಿಸಿಕೊಂಡೆ.

ಈಗ ಗುಡ್ಡೆಗೆ 20 ರೂಪಾಯಿ. ಹೆಸರು ಮಾತ್ರ ಹತ್ತು ರೂಪಾಯಿ ಗುಡ್ಡೆ ಅಂತಲೇ ಉಳಿದಿದೆ. ನಾಳೆ ಏನು ಸಾರು ಅಂತ ಇವತ್ತಿಗೂ ಅಕ್ಕನನ್ನೇ ಕೇಳಿ ಮಾಲು ಎತ್ತುತ್ತೇನೆ.