ಆಸ್ಟ್ರೇಲಿಯಾದಲ್ಲಿ ಮನೆ ಕೊಳ್ಳುವ ಮುಂಚೆ ಗೆದ್ದಲು ನೋಡಿಕೊಳ್ಳಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯಿಂದ ಬಂದು ಇಲ್ಲಿ ಮನೆ ಹುಡುಕುವ ನಮ್ಮ ಹುಡುಗರು ನನ್ನನ್ನು ಕೇಳುವುದು ಸಾಲದ ಬಡ್ಡಿ, ಸ್ಕೂಲು, ಸ್ಟೇಷನ್ ಎಷ್ಟು ದೂರ ಅಂತ. ಗೆದ್ದಲಿನ ಮಾತು ಯಾರೂ ಎತ್ತುವುದಿಲ್ಲ. ಅದು ಸಹಜವೇ. ನಮ್ಮ ಕಡೆ ಗೋಡೆ ಅಂದರೆ ಕಲ್ಲು, ಇಟ್ಟಿಗೆ, ಸಿಮೆಂಟು. ಗೆದ್ದಲು ಹತ್ತಿದರೆ ಬಾಗಿಲ ಚೌಕಟ್ಟು ಹೋಗುತ್ತದೆ, ಹಳೇ ಮಾಳಿಗೆ ಮನೆಯಾದರೆ ಒಂದೆರಡು ಜಂತಿ ಬದಲಾಯಿಸಬೇಕಾಗುತ್ತದೆ. ಗೋಡೆಗೆ ಏನೂ ಆಗುವುದಿಲ್ಲ.

ಇಲ್ಲಿ ಹಾಗಲ್ಲ. ಹೊರಗೆ ಕಾಣುವ ಇಟ್ಟಿಗೆ ಬಹಳಷ್ಟು ಮನೆಗಳಲ್ಲಿ ಬರೀ ಹೊದಿಕೆ. ಚಾವಣಿಯ ಭಾರ ಹೊರುವುದು ಅದರ ಹಿಂದಿನ ಮರದ ಫ್ರೇಮು. ಏಜೆಂಟರು ಬ್ರಿಕ್ ವೆನೀರ್ ಅನ್ನುವುದು ಇದಕ್ಕೇ. ಸಿರಗುಪ್ಪದಿಂದ ಅಪ್ಪ ಫೋನ್ ಮಾಡಿ "ಇಟ್ಟಿಗೆ ಮನೆ ಹೌದಲ್ಲೋ?" ಅಂತ ಕೇಳಿದರೆ ನೀವು ಹೌದು ಅನ್ನುತ್ತೀರಿ, ಇಬ್ಬರಿಗೂ ಸಮಾಧಾನ. ಆದರೆ ಗೆದ್ದಲು ತಿನ್ನುವುದು ಆ ಇಟ್ಟಿಗೆಯ ಹಿಂದಿನ ಮರವನ್ನು. ಅದಕ್ಕೆ ಮನೆಯ ಇನ್ಶೂರೆನ್ಸ್ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಟಾಸ್ಮೇನಿಯಾದಲ್ಲಿ ಕಾಟ ಕಡಿಮೆ. ಸಿಡ್ನಿ, ಬ್ರಿಸ್ಬೇನ್ ಕಡೆ ಕೊಳ್ಳುವವರು ಮಾತ್ರ ಇದನ್ನು ಹಗುರವಾಗಿ ತಗೋಬಾರದು.

ಮನೆ ನೋಡಲು ಹೋದಾಗ ಸೀದಾ ಒಳಗೆ ನುಗ್ಗಬೇಡಿ. ಮೊದಲು ಹೊರಗೆ ಒಂದು ಸುತ್ತು ಹಾಕಿ. ಇಟ್ಟಿಗೆಯ ಕೆಳಸಾಲಿನಲ್ಲಿ ಅಲ್ಲಲ್ಲಿ ಸಣ್ಣ ಸಂದು ಬಿಟ್ಟಿರುತ್ತಾರೆ, ಗಾಳಿ ಆಡಲಿ, ನೀರು ಇಳಿಯಲಿ ಅಂತ. ಅದನ್ನು ಹೂದೋಟದ ಮಣ್ಣು ಮುಚ್ಚಿದ್ದರೆ ಗೆದ್ದಲಿಗೆ ಕಳ್ಳದಾರಿ ಸಿಕ್ಕಿದ ಹಾಗೆ. ಇಲ್ಲಿನ ಗೆದ್ದಲು ಹೆಚ್ಚಾಗಿ ನೆಲದಿಂದಲೇ ಬರುವುದು. ಕಾಂಕ್ರೀಟ್ ತಳದ ಅಂಚು ಸುಮಾರು 75 ಮಿಲಿಮೀಟರ್ ಬಯಲಿಗೆ ಕಾಣುತ್ತಿದ್ದರೆ ಒಳ್ಳೆಯದು, ಅವು ಹತ್ತಿದರೆ ಕಣ್ಣಿಗೆ ಬೀಳುತ್ತದೆ. ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಗೋಡೆ ಹತ್ತಿದೆಯಾ ನೋಡಿ. ಊರಲ್ಲಿ ಬೇವಿನ ಮರದ ಬೊಡ್ಡೆ ಮೇಲೆ ನೋಡಿರುತ್ತೀರಲ್ಲ, ಅದೇ. ಎಸಿಯ ನೀರು ಗೋಡೆ ಬುಡಕ್ಕೆ ತೊಟ್ಟಿಕ್ಕುತ್ತಿದೆಯಾ? ಕಟ್ಟಿಗೆ ರಾಶಿ, ಕೊಳೆತ ಬೊಡ್ಡೆ ಗೋಡೆ ಪಕ್ಕದಲ್ಲೇ ಇದೆಯಾ? ಗೆದ್ದಲಿಗೆ ತೇವ ಬೇಕು.

ಒಳಗೆ ಬಚ್ಚಲ ಮನೆಯ ಆಚೆ ಬದಿಯ ಗೋಡೆ ಮುಖ್ಯ. ಗಂಗಾವತಿಯ ಒಂದು ಕುಟುಂಬದ ಜೊತೆ ಮನೆ ನೋಡಲು ಹೋಗಿದ್ದೆ. ನೆಲಕ್ಕೆ ತಾಗಿದ ಮರದ ಪಟ್ಟಿಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದೆವು. ಎಲ್ಲ ಕಡೆ ಗಟ್ಟಿ ಸದ್ದು. ಶವರ್ ಹಿಂದಿನ ಮೂಲೆಗೆ ಬಂದಾಗ ಸದ್ದು ಬೇರೆಯಾಯಿತು, ಟೊಳ್ಳು. ಹೆಬ್ಬೆರಳಿಂದ ಮೆಲ್ಲಗೆ ಒತ್ತಿದರೆ ತಗ್ಗು ಬಿತ್ತು. ಒಳಗಿನ ಮರ ಹೋಗಿ ಬರೀ ಪೇಂಟಿನ ಪದರ ಉಳಿದಿತ್ತು. ಇಡೀ ಮನೆಯಲ್ಲಿ ಹೊಸ ಬಣ್ಣ ಕಂಡಿದ್ದು ಆ ಗೋಡೆಗೆ ಮಾತ್ರ. ಹೀಗೆ ಕಂಡರೆ ಕೆದಕಬೇಡಿ, ಸ್ಪ್ರೇ ಹೊಡೆಯಬೇಡಿ ಅಂತ ಮಾಲೀಕರಿಗೂ ಹೇಳಿ. ಗಲಾಟೆಯಾದರೆ ಗೆದ್ದಲು ಜಾಗ ಬಿಟ್ಟು ಇನ್ನೊಂದು ಕಡೆ ಸೇರುತ್ತವೆ, ಆಮೇಲೆ ಹುಡುಕುವುದು ಕಷ್ಟ.

ಕರೆಂಟ್ ಮೀಟರಿನ ಡಬ್ಬಿ ತೆಗೆದು ನೋಡಿ. ಗೆದ್ದಲು ತಡೆಯಲು ಏನು ಮಾಡಿದ್ದಾರೆ, ಯಾವಾಗ ಮಾಡಿದ್ದಾರೆ ಅನ್ನುವ ಚೀಟಿ ಅಲ್ಲಿ ಅಂಟಿಸಿರುತ್ತಾರೆ, ಕೆಲವೊಮ್ಮೆ ಅಡುಗೆಮನೆ ಕಪಾಟಿನ ಒಳಗೆ. ಔಷಧಿ ಹಾಕಿದ್ದರೆ ಅದಕ್ಕೂ ಒಂದು ಆಯುಷ್ಯ ಇರುತ್ತದೆ. ತಾರೀಕು ಓದಿ.

ಇಷ್ಟು ನೋಡಿದ ಮೇಲೂ ತಜ್ಞರ ತಪಾಸಣೆ ಬಿಡಬೇಡಿ. ಏಜೆಂಟ್ ಕೊಡುವ ರಿಪೋರ್ಟ್ ಸಾಲದು, ನೀವೇ ಆರಿಸಿದ ಮನುಷ್ಯ ಬೇಕು. ಎಎಸ್ 4349.3, ಅಂದರೆ ಮರ ತಿನ್ನುವ ಕೀಟಗಳ ತಪಾಸಣೆಗೆ ಇರುವ ಆಸ್ಟ್ರೇಲಿಯಾದ ಸ್ಟ್ಯಾಂಡರ್ಡ್ ಪ್ರಕಾರ ಮಾಡುತ್ತೀರಾ ಅಂತ ಕೇಳಿ. ರಿಪೋರ್ಟ್ ಬಂದಾಗ ಎಲ್ಲರೂ ಕೊನೆಯ ಪುಟ ನೋಡುತ್ತಾರೆ. ನೀವು "ನೋಡಲು ಆಗದ ಜಾಗಗಳು" ಅನ್ನುವ ಭಾಗ ಓದಿ. ಅವರು ಗೋಡೆ ಒಡೆಯುವುದಿಲ್ಲ, ಕಣ್ಣಿಗೆ ಕಂಡಷ್ಟೇ ಬರೆಯುತ್ತಾರೆ. ನೆಲದಡಿಗೆ, ಅಟ್ಟಕ್ಕೆ ಹೋಗಲು ಆಗಲಿಲ್ಲ ಅಂತ ಬರೆದಿದ್ದರೆ ಅರ್ಧ ಮನೆ ನೋಡಿಯೇ ಇಲ್ಲ ಅಂತಲೇ ಅರ್ಥ. ಫೋನ್ ಮಾಡಿ, ದಾರಿ ಮಾಡಿಕೊಟ್ಟರೆ ಮತ್ತೆ ಬರುತ್ತೀರಾ ಕೇಳಿ. ಕೇಳಲು ಸಂಕೋಚ ಬೇಡ, ದುಡ್ಡು ಕೊಟ್ಟಿದ್ದೀರಿ.

ಇನ್ನು ದಿನಗಳ ಲೆಕ್ಕ. ಕೊಳ್ಳುವ ಕರಾರಿಗೆ ಸಹಿ ಹಾಕಿದ ಮೇಲೆ ಹಿಂದೆ ಸರಿಯಲು ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್‌ನಲ್ಲಿ ಸಾಮಾನ್ಯವಾಗಿ 5 ಕೆಲಸದ ದಿನ, ವಿಕ್ಟೋರಿಯಾದಲ್ಲಿ 3. ಸರಿದರೂ ಸ್ವಲ್ಪ ದುಡ್ಡು ಹೋಗುತ್ತದೆ, ನ್ಯೂ ಸೌತ್ ವೇಲ್ಸ್‌ನಲ್ಲಿ ಬೆಲೆಯ ಶೇ. 0.25. ಅಲ್ಲಿ ನಿಮ್ಮ ವಕೀಲರು 66ಡಬ್ಲ್ಯು ಸರ್ಟಿಫಿಕೇಟ್, ಅಂದರೆ ಹಿಂದೆ ಸರಿಯುವ ಹಕ್ಕು ಬಿಟ್ಟುಕೊಡುವ ಪತ್ರ, ಕೊಟ್ಟರೆ ಆ 5 ದಿನವೂ ಇಲ್ಲ. ಹರಾಜಿನಲ್ಲಿ ಕೊಂಡರೆ ಎಲ್ಲೂ ಇಲ್ಲ, ಹಾಗಾಗಿ ತಪಾಸಣೆ ಹರಾಜಿಗೆ ಮುಂಚೆಯೇ ಮುಗಿದಿರಬೇಕು. ಕ್ವೀನ್ಸ್‌ಲ್ಯಾಂಡ್‌ನ ಕರಾರಿನಲ್ಲಿ ಬಿಲ್ಡಿಂಗ್ ಅಂಡ್ ಪೆಸ್ಟ್ ಷರತ್ತು, ಅಂದರೆ ಕಟ್ಟಡದ ಮತ್ತು ಗೆದ್ದಲಿನ ತಪಾಸಣೆ ಸರಿಬಂದರೆ ಮಾತ್ರ ಕೊಳ್ಳುತ್ತೇನೆ ಅನ್ನುವ ಷರತ್ತು, ಹಾಕಿಸಬಹುದು. ಅದರ ತಾರೀಕಿನ ಜಾಗ ಖಾಲಿ ಬಿಡಬೇಡಿ.

ಗೆದ್ದಲು ಸಿಕ್ಕಿತು ಅಂದ ಮಾತ್ರಕ್ಕೆ ಮನೆ ಕೈಬಿಡಲೇಬೇಕು ಅಂತಿಲ್ಲ. ತಪಾಸಣೆಯವರು ಹಾಳಾದದ್ದನ್ನು ತೋರಿಸುತ್ತಾರೆ, ರಿಪೇರಿ ಖರ್ಚು ಹೇಳುವುದು ಬಿಲ್ಡರ್ ಕೆಲಸ. ಬಿಲ್ಡರ್ ಕರೆಸಿ ಲಿಖಿತ ಅಂದಾಜು ತಗೊಳ್ಳಿ. ಅದನ್ನು ನಿಮ್ಮ ವಕೀಲರಿಗೆ ಕೊಟ್ಟು, ಬೆಲೆ ಇಳಿಸಬೇಕು ಇಲ್ಲವೇ ಮಾರುವವರೇ ಔಷಧಿ ಹಾಕಿಸಿ ರಿಪೇರಿ ಮಾಡಿಸಿಕೊಡಬೇಕು ಅಂತ ಬರಹದಲ್ಲೇ ಕೇಳಿಸಿ.