ಹಲ್ಲಿನ ಕ್ಲಿನಿಕ್‌ನಲ್ಲಿ ಕೂತು ಹೊಗೆಸೊಪ್ಪು ಬಿಡಿಸೋದು – ನನ್ನ ಅನುಭವ

ನಾನು ಹುಣಸೂರು ಕಡೆ ಹಲ್ಲಿನ ಡಾಕ್ಟ್ರು. ಸುತ್ತಮುತ್ತ ಎಲ್ಲಾ ತಂಬಾಕು ಬೆಳೆಯೋ ಊರುಗಳೇ, ಬ್ಯಾರನ್‌ನಲ್ಲಿ (ಸೊಪ್ಪು ಹದ ಮಾಡೋ ಬಿಸಿ ಗೂಡು) ಸೊಪ್ಪು ಬೇಯಿಸಿ ಮಕ್ಕಳನ್ನ ಓದಿಸಿರೋರ ಮುಂದೆ ತಂಬಾಕು ವಿಷ ಕಣ್ರೀ ಅಂತ ಭಾಷಣ ಬಿಗಿದ್ರೆ ನಕ್ಕು ಸುಮ್ನಾಗ್ತಾರೆ ಅಷ್ಟೇ. "ಫೋಟೋ ಪ್ಯಾಕೆಟ್ ಮೇಲೇ ಐತಲ್ಲ ಬುಡಿ ಮೇಡಂ" ಅಂತಾರೆ, ನಿಜಾನೇ. ಅದಕ್ಕೆ ನಾನು ಮೊದಲು ಕೇಳೋದು ಒಂದೇ, ಬೆಳಗ್ಗೆ ಎದ್ದು ಎಷ್ಟೊತ್ತಿಗೆ ಮೊದಲನೇದು ಹಾಕ್ತೀರ ಅಂತ. ಅರ್ಧ ಗಂಟೆ ಒಳಗೇ, ಮುಖ ತೊಳೆಯೋಕ್ ಮುಂಚೆನೇ ಅಂದ್ರೆ ಚಟ ಜೋರಾಗೇ ಇದೆ, ಸಾಮಾನ್ಯವಾಗಿ 4 ಎಂಜಿ ನಿಕೋಟಿನ್ ಗಮ್ (ತಂಬಾಕಲ್ಲಿ ಚಟ ಹಿಡಿಸೋ ಅಂಶಾನೇ ಅಳತೆ ಮಾಡಿ ಹಾಕಿರೋ ಗಮ್) ಬೇಕಾಗುತ್ತೆ, ಆಮೇಲೆ ಹಾಕೋರಿಗೆ 2 ಎಂಜಿ.

ಗಮ್ ಬರ್ಕೊಟ್ಟು ಕಳಿಸಿದ್ರೆ ಪ್ರಯೋಜನ ಇಲ್ಲ, ಚೇರ್‌ನಲ್ಲಿ ಕೂರಿಸ್ಕೊಂಡೇ ಒಂದು ಹಾಕಿಸ್ಬೇಕು. ಬಬಲ್‌ಗಮ್ ತರ ಜಗಿದು ರಸ ನುಂಗಿದ್ರೆ ಬಿಕ್ಕಳಿಕೆ, ಹೊಟ್ಟೆ ತೊಳಸೋದು, ಮಾರನೇ ದಿನ ಗಮ್ಮೂ ಬೇಡ ಡಾಕ್ಟ್ರೂ ಬೇಡ. ನಿಧಾನಕ್ಕೆ ನಾಲ್ಕೈದು ಸಲ ಜಗಿಯಿರಿ, ಮೆಣಸು ತಿಂದಂಗೆ ಚುರುಗುಟ್ಟಿದ ತಕ್ಷಣ ನಿಲ್ಲಿಸಿ ಕೆನ್ನೆ ಪಕ್ಕ ಒತ್ತಿಡಿ, ಚುರುಕು ಇಳಿದ್ಮೇಲೆ ಮತ್ತೆ ಜಗಿಯಿರಿ, ಹಿಂಗೇ ಅರ್ಧ ಗಂಟೆ ಅಂತೀನಿ. ಸಿಗರೇಟ್ ಸೇದೋರಿಗೆ ಇದು ಕಲಿಸೋದು ಕಷ್ಟ, ಕಡ್ಡಿಪುಡಿ ಹಾಕೋ ಯಜಮಾನ್ರಿಗೆ ನಾನೇನ್ ಕಲಿಸ್ಲಿ, ದವಡೇಲಿ ಒತ್ತಿಡೋದು ಅವ್ರಿಗೆ ಕೈವಶ, ಅಲ್ಲಲ್ಲ ಬಾಯಿವಶ! ಇನ್ನೊಂದು, ಕಾಫಿ ಟೀ ಕುಡಿದು ಕಾಲು ಗಂಟೆ ಆಗೋವರೆಗೂ ಗಮ್ ಹಾಕಬಾರ್ದು, ಬಾಯಲ್ಲಿ ಹುಳಿ ಅಂಶ ಇದ್ರೆ ನಿಕೋಟಿನ್ ಒಳಗೆ ಹೋಗಲ್ಲ. "ಗಮ್ ಕೆಲಸ ಮಾಡ್ಲಿಲ್ಲ" ಅನ್ನೋರನ್ನ ವಿಚಾರಿಸಿದ್ರೆ ಸುಮಾರು ಜನ ಟೀ ಅಂಗಡೀಲಿ ನಿಂತೇ ಜಗಿದಿರ್ತಾರೆ.

ಕಟ್ಟಿಸಿದ ಹಲ್ಲು, ಅಲ್ಲಾಡೋ ಹಲ್ಲು ಇರೋರಿಗೆ ಗಮ್ ಆಗಿಬರಲ್ಲ, ಅವ್ರಿಗೆ ಬಾಯಲ್ಲಿ ಕರಗೋ ನಿಕೋಟಿನ್ ಲಾಜೆಂಜ್ ಇಲ್ಲಾ ಚರ್ಮಕ್ಕೆ ಅಂಟಿಸೋ ಪ್ಯಾಚ್.

ನನಗೆ ನಿಜವಾಗ್ಲೂ ತಲೆನೋವು ಗುಟ್ಕಾ ಹುಡುಗರದ್ದು. ಬ್ಯಾನ್ ಆಗಿದ್ದು 2013ರಲ್ಲಿ, ಈಗ ಪಾನ್ ಮಸಾಲ ಬೇರೆ ಚೀಟಿ, ತಂಬಾಕು ಬೇರೆ ಚೀಟಿ, ಎರಡನ್ನೂ ಅಂಗೈಲಿ ಬೆರೆಸಿ ಹಾಕ್ಕೊಂಡ್ರೆ ಆಯ್ತಲ್ಲ. ಬಾಯಿ ತೆಗಿಯಪ್ಪ ಅಂದ್ರೆ ಮೂರು ಬೆರಳು ಒಂದ್ರ ಮೇಲೊಂದು ಹೋಗ್ಬೇಕಾದ ಕಡೆ ಎರಡೂ ಹೋಗಲ್ಲ, ಕೆನ್ನೆ ಒಳಗಡೆ ಬೆಳ್ಳಗೆ ಹಗ್ಗದ ತರ ಬಿಗಿದಿರುತ್ತೆ. ಅದನ್ನ ಅವ್ನ ಬೆರಳಲ್ಲೇ ಮುಟ್ಟಿಸಿ, ಕನ್ನಡಿ ಕೊಟ್ಟು ತೋರಿಸ್ತೀನಿ, ಮಾತು ಕಮ್ಮಿ. ಇಲ್ಲಿ ತಂಬಾಕು ಒಂದೇ ಬಿಟ್ರೆ ಸಾಲದು, ಹಿಂಗೆ ಬಿಗಿಯೋಕೆ ಮುಖ್ಯ ಕಾರಣಾನೇ ಅಡಿಕೆ. "ಅಯ್ಯೋ ಮೇಡಂ, ಬರೀ ಅಡಿಕೆ ಅಲ್ವಾ" ಅಂತಾನೆ, ಮನೇಲಿ ಅಜ್ಜಿ ಕೂಡ ಅದನ್ನೇ ಹೇಳಿರ್ತಾರೆ, ಅಡಿಕೆ ತಾಂಬೂಲದ ನಾಡಲ್ಲಿ ಇದನ್ನ ಒಪ್ಪಿಸೋಷ್ಟರಲ್ಲಿ ಸಾಕುಸಾಕಾಗುತ್ತೆ. ಇವರಿಗೂ ಗಮ್ ಕೊಡಲ್ಲ, ಬಾಯೇ ತೆಗಿಯೋಕಾಗಲ್ಲ ಜಗಿಯೋದೆಲ್ಲಿ.

ಬಿಟ್ಟ ಮೊದಲ ಎರಡ್ಮೂರು ದಿನ ಸಿಡುಕು, ನಿದ್ದೆ ಇಲ್ಲ, ತಲೆ ಭಾರ, ಅದಕ್ಕೇ ಮೂರನೇ ದಿನ ನಮ್ಮ ಸಿಸ್ಟರ್ ಫೋನ್ ಮಾಡ್ತಾರೆ, ಮನೆಯವ್ರ ಹತ್ರಾನೂ ಮಾತಾಡಿ ಸ್ವಲ್ಪ ದಿನ ಕೂಗಾಡ್ತಾರೆ ಸಹಿಸ್ಕೊಳ್ಳಿ ಅಂತಾರೆ. ಗಮ್‌ಗೂ ಬಗ್ಗದಿದ್ರೆ ಬುಪ್ರೋಪಿಯಾನ್, ವ್ಯಾರೆನಿಕ್ಲಿನ್ ಅಂತ ಚಟ ಬಿಡಿಸೋ ಮಾತ್ರೆ ಇದೆ, ಅದಕ್ಕೆ ಫಿಜಿಷಿಯನ್ ಹತ್ರ ಕಳಿಸ್ತೀನಿ, ಫಿಟ್ಸ್ ಇರೋರಿಗೆ ಬುಪ್ರೋಪಿಯಾನ್ ಆಗಲ್ಲ ಅಂತ ಚೀಟೀಲೇ ಬರೀತೀನಿ. ಪದೇ ಪದೇ ನಂಗೇ ಫೋನ್ ಮಾಡೋರಿಗೆ ತಂಬಾಕು ಬಿಡಿಸೋ ಸಹಾಯವಾಣಿ 1800-11-2356 ಕೊಟ್ಟಿದೀನಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ಪ್ಯಾಕೆಟ್ ಮೇಲೂ ಅದೇ ನಂಬರ್ ಇರುತ್ತೆ, ಯಾರೂ ನೋಡಿರಲ್ಲ.